ಪ್ರತಿ ಸಲವೂ ಅನುಮತಿ ಕೇಳುವ ಫೋನು

ಮೊಬೈಲ್ ಸೇವಾ ಸಂಸ್ಥೆಯ ಅನುಮೋದನಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ತಂದೆಯ ಸಾವಿನಲ್ಲಿ ನನಗೂ ತಮಗೂ ಪಾಲಿದೆ. ನನ್ನ ಪಾಲನ್ನು ಒಪ್ಪಿಕೊಂಡು, ತಮ್ಮದನ್ನು ತಮಗೆ ತಲುಪಿಸಲು ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದ ನಾಲ್ಕು ಪತ್ರಗಳಿಗೆ ಉತ್ತರ ಬರಲಿಲ್ಲ. ತಾವು ಕನ್ನಡದವರೆಂದು ಗೊತ್ತಿರುವುದರಿಂದ ಐದನೆಯದನ್ನು ಕನ್ನಡದಲ್ಲಿ, ಹತ್ತು ಜನ ಓದುವಂತೆ ಬರೆದಿದ್ದೇನೆ.

ನಾನು ಚೆನ್ನೈನ ಪಲ್ಲಾವರಂನಲ್ಲಿ ಮನೆಯಲ್ಲೇ ಕೂತು ಮೊಬೈಲ್ ತಂತ್ರಾಂಶ ಬರೆಯುವವನು. ಕಂಪನಿಯಿಲ್ಲ, ಬೋರ್ಡಿಲ್ಲ, ಸೀಲಿಲ್ಲ. ತಂದೆ ಸುಬ್ರಾಯರು ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದವರು. ೨೦೦೬ರಲ್ಲಿ ಲಕ್ವ ಹೊಡೆದು ಬಲಗೈಯೂ ಮಾತೂ ಹೋದವು. ಇಂಗ್ಲಿಷ್ ಅಕ್ಷರಗಳು ಅವರಿಗೆ ಬರೀ ಗೀಟುಗಳಾದವು, ಕನ್ನಡ ಮಾತ್ರ ಉಳಿಯಿತು. ನೋಡಿಕೊಳ್ಳಲು ಬರುತ್ತಿದ್ದ ಸೆಲ್ವಿಗೋ ತಮಿಳು ಬಿಟ್ಟರೆ ಬೇರೆ ಬಾರದು. ಅದಕ್ಕೇ ನಾನು ಆ ತಂತ್ರಾಂಶ ಬರೆದೆ. ಪರದೆಯ ಮೇಲೆ ‘ನೀರು’ ಎಂಬ ಕನ್ನಡ ಪದ ಒತ್ತಿದರೆ ಫೋನು ತಮಿಳಿನಲ್ಲಿ ಮಾತಾಡಿ ನೀರು ಕೇಳುತ್ತದೆ. ಫೋನಿನಲ್ಲಿ ಕನ್ನಡವೇ ಮೂಡದ ಕಾರಣ ಒಂದೊಂದು ಪದವನ್ನೂ ಚಿತ್ರವಾಗಿ ಬಿಡಿಸಿದೆ. ಎಲ್ಲಕ್ಕಿಂತ ಮೇಲೆ ‘ಮಗನನ್ನು ಕರೆ’ ಎಂದಿತ್ತು. ಒತ್ತಿದರೆ ನನಗೆ ಎಸ್ಸೆಮ್ಮೆಸ್ ಬರಬೇಕು. ಯಾವ ಕಂಪನಿಯ ಫೋನಿನಲ್ಲಾದರೂ ಓಡುತ್ತದೆ ಎಂಬುದೇ ನನ್ನ ಹೆಮ್ಮೆಯಾಗಿತ್ತು.

ಆದರೆ ತಮ್ಮ ಸಂಸ್ಥೆಯ ಡಿಜಿಟಲ್ ಸಹಿಯಿಲ್ಲದ ತಂತ್ರಾಂಶ ಎಸ್ಸೆಮ್ಮೆಸ್ ಕಳಿಸುವ ಮುನ್ನ, ಪ್ರತಿ ಸಲವೂ, ಕಳಿಸಲೋ ಬೇಡವೋ ಎಂದು ಫೋನು ಇಂಗ್ಲಿಷಿನಲ್ಲಿ ಕೇಳುತ್ತದೆ. ಆ ಸಹಿಗಾಗಿ ಅರ್ಜಿ ಹಾಕಿದೆ. ಕಂಪನಿಯ ಸೀಲಿಲ್ಲ, ಅರ್ಜಿ ಅಪೂರ್ಣ ಎಂದು ಹಿಂದಕ್ಕೆ ಬಂತು. ಕಾಡಿ ಬೇಡಿ ತಮ್ಮನ್ನೇ ಫೋನಿನಲ್ಲಿ ಹಿಡಿದಾಗ ತಾವು ಹೇಳಿದ್ದು ನೆನಪಿದೆಯೇ? “ಒಂದು ಸಲ ಜಾಸ್ತಿ ಒತ್ತೋದಕ್ಕೆ ಏನ್ರೀ ಕಷ್ಟ?” ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗಿಕೊಂಡು ಸುಮ್ಮನಾದೆ.

ಸುಮ್ಮನಾಗಿ, ಆ ಪ್ರಶ್ನೆಗೆ ‘ಯೆಸ್’ ಯಾವ ಕಡೆಯದೆಂದು ತಂದೆಗೆ ಪಾಠ ಹೇಳಿಕೊಟ್ಟೆ. “ಎಡಗಡೆ ಗುಂಡಿ, ಅಪ್ಪಾ. ಯಾವಾಗ್ಲೂ ಎಡಗಡೆ.” ಮೂವತ್ತೈದು ವರ್ಷ ನಿಯಮ ಪಾಲಿಸಿದ ಗಾರ್ಡು. ನಾಲ್ಕೇ ದಿನದಲ್ಲಿ ಕಲಿತರು, ಒಮ್ಮೆಯೂ ತಪ್ಪಲಿಲ್ಲ. ಈ ವರ್ಷ ಜುಲೈನಲ್ಲಿ ಆ ಫೋನು ಬಿದ್ದು ಒಡೆಯಿತು. ಬೇರೆ ಕಂಪನಿಯದು ತಂದು ತಂತ್ರಾಂಶ ಹಾಕಿದೆ. ನಾನೇ ಎಸ್ಸೆಮ್ಮೆಸ್ ಕಳಿಸಿ ನೋಡಿದೆ, ಹೋಯಿತು. ಇಂಗ್ಲಿಷ್ ಓದಬಲ್ಲ ನನ್ನ ಬೆರಳು ‘ಯೆಸ್’ ಇದ್ದ ಕಡೆಗೆ ತಾನಾಗಿ ಹೋಗಿತ್ತು. ಈ ಹೊಸ ಫೋನಿನಲ್ಲಿ ‘ಯೆಸ್’ ಬಲಗಡೆಗಿದೆ ಎಂಬುದನ್ನು ಗಮನಿಸಲೇ ಇಲ್ಲ, ಪಾಪಿ ನಾನು.

ಆಗಸ್ಟ್ ಹನ್ನೊಂದು, ಬೆಳಿಗ್ಗೆ. ನಾನು ಕೆಲಸದ ಮೇಲೆ ಟಿ. ನಗರದಲ್ಲಿದ್ದೆ. ನೀರಿನ ಲಾರಿ ಬಂದಿದೆಯೆಂದು ಸೆಲ್ವಿ ಕೊಡ ಹಿಡಿದು ಕೆಳಗಿಳಿದಿದ್ದಳು. ಮೇಲೆ ಬರುವಷ್ಟರಲ್ಲಿ ತಂದೆ ಕುರ್ಚಿಯಲ್ಲೇ ಒರಗಿದ್ದರು. “ಐಯಾ ಕಟ್ಟೈವಿರಲ್ ಇಡದು ಪಕ್ಕಂದಾನ್ ಇರುಂದುಚ್ಚು, ತಂಬಿ,” ಎಂದಳು. ಹೆಬ್ಬೆರಳು ಎಡಗಡೆಯ ಗುಂಡಿಯ ಮೇಲೇ ಇತ್ತಂತೆ. ನನ್ನ ತಂತ್ರಾಂಶ ತನ್ನ ಸೋಲುಗಳನ್ನು ಬರೆದಿಟ್ಟುಕೊಳ್ಳುತ್ತದೆ. ಹನ್ನೊಂದು ಗಂಟೆ ಹತ್ತು ನಿಮಿಷ, ಹನ್ನೊಂದು ಹನ್ನೊಂದು, ಹನ್ನೊಂದು ಹದಿಮೂರು. ಮೂರು ಸಲವೂ ‘ಅನುಮತಿ ನಿರಾಕರಿಸಲಾಗಿದೆ’ ಎಂದಿತ್ತು.

ತಪ್ಪು ಗುಂಡಿ ಕಲಿಸಿದವನು ನಾನು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಸಾಯುತ್ತಿದ್ದವನನ್ನು ಆ ಪ್ರಶ್ನೆ ಕೇಳಿದವರು ಯಾರು? ಮಗನನ್ನು ಕರೆಯಲು ತಂದೆಗೆ ಯಾವ ಕಂಪನಿಯ ಸೀಲು ಬೇಕಿತ್ತು, ಸ್ವಾಮಿ? ಗ್ರಾಹಕರ ರಕ್ಷಣೆಗಾಗಿ ಈ ನಿಯಮ ಎನ್ನುತ್ತೀರಿ. ನನ್ನ ತಂದೆಯೂ ತಮ್ಮ ಗ್ರಾಹಕರೇ ಆಗಿದ್ದರು.

ಇನ್ನೂ ಹನ್ನೊಂದು ಮನೆಗಳಲ್ಲಿ ಈ ತಂತ್ರಾಂಶವಿದೆ. ನಿನ್ನೆ ಎಣ್ಣೂರಿನಿಂದ ನಾಗರತ್ನಮ್ಮ ಫೋನ್ ಮಾಡಿದ್ದರು. ಅವರ ಗಂಡನಿಗೂ ಮಾತಿಲ್ಲ. ಹಳೆಯ ಫೋನು ಕೆಟ್ಟಿದೆ, ಬೇರೆ ತರುತ್ತೇವೆ ಎಂದರು. ಸಹಿ ಸಿಗುವವರೆಗೆ ಅವರನ್ನು ಒಬ್ಬರನ್ನೇ ಬಿಟ್ಟು ಹೋಗಬೇಡಿ ಎಂದೆ. “ಎಷ್ಟು ದಿನ ಅಂತ ಹೇಳಪ್ಪಾ, ನಾನೂ ಮನೆಗೆಲಸಕ್ಕೆ ಹೋಗೋಳು,” ಎಂದರು.

ಆ ಪ್ರಶ್ನೆಗೆ ಉತ್ತರ ತಮ್ಮಲ್ಲಿದೆ. ಕಂಪನಿಯಿಲ್ಲದ ವ್ಯಕ್ತಿಯ ಹೆಸರಿನಲ್ಲೂ ಸಹಿ ಕೊಡಿ. ಸಂತಾಪ, ಸಮಿತಿ, ಪರಿಶೀಲನೆ ಯಾವುದೂ ಬೇಡ. ಒಂದು ದಿನಾಂಕ ಹೇಳಿ. ಆ ಹೆಂಗಸು ಕಾಯುತ್ತಿದ್ದಾರೆ, ನಾನು ಅವರಿಗೆ ತಿಳಿಸಬೇಕು.

ಇಂತಿ,
ತಮ್ಮ ಕಡತದಲ್ಲಿ ಇನ್ನೂ ಅಪೂರ್ಣನಾಗಿರುವ,
ಪಂಢರಿನಾಥ
ಪಲ್ಲಾವರಂ, ಸೆಪ್ಟೆಂಬರ್ ೨೦೦೮