ಕೊನೇ ಸಾಲು ಕಾಣದ ಕನ್ನಡಕ

ವಿನೋಬನಗರ, ದಾವಣಗೆರೆ
9-2-2025

ಪ್ರೀತಿಯ ಭುವನಕ್ಕನಿಗೆ ನಿನ್ನ ತಂಗಿ ಪದ್ಮಿಯ ನಮಸ್ಕಾರ.

ಅಕ್ಷರ ಸೊಟ್ಟ ಇವೆ, ತಪ್ಪೂ ಇರುತ್ತವೆ, ನಗಬೇಡ. ಐದನೇ ಕ್ಲಾಸಿಗೇ ನಿಂತ ಕೈ ಇದು. ಬರೆಯಲು ತಡವಾಯಿತು, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ವಠಾರದವರೆಲ್ಲ ಕಿವಿ ಕೊಡುತ್ತಾರೆ, ನನಗೆ ನಾಚಿಕೆ. ಹರಿಹರದಲ್ಲಿ ಅವ್ವ, ಮಕ್ಕಳು ಚೆನ್ನಾಗಿದ್ದಾರಾ?

ಪಿ.ಜೆ. ಬಡಾವಣೆಯಲ್ಲಿ ಕನ್ನಡಕ ಮಾಡಿಸಿದ್ದೆನಲ್ಲ, ಅದನ್ನು ಹಾಕಿಕೊಂಡರೆ ಬೀದಿ ಕೊನೆಯ ಬೋರ್ಡು ಫಳಫಳ ಕಾಣುತ್ತಿತ್ತು. ಆದರೆ ಸೀರೆಗೆ ಕುಚ್ಚು ಕಟ್ಟಲು ಕೂತರೆ ಹಣೆ ಸಿಡಿಯುತ್ತಿತ್ತು, ದಾರ ಎರಡೆರಡಾಗುತ್ತಿತ್ತು. ತೆಗೆದರೆ ಸೀರೆಯನ್ನು ಮೂಗಿಗೇ ಹಿಡಿಯಬೇಕು. ಕೆಲಸ ಕೊಡುವ ಅಂಜುಮ್ ಅಕ್ಕ, "ಗಂಟು ಸೊಟ್ಟ ಬರ್ತಾವಲ್ಲೇ. ಇದೊಂದು ಸೀರೆ ನೋಡ್ತೀನಿ, ಆಮೇಲೆ ಬ್ಯಾಡ" ಅಂದಳು. ಕೆಲಸ ಹೋದರೆ ನಾನು ಇಲ್ಲಿ ಯಾವ ಮುಖ ಇಟ್ಟುಕೊಂಡು ಇರಲಿ?

ಅಂಗಡಿಗೆ ಹೋಗಿ ನಂಬರ್ ಕಮ್ಮಿ ಮಾಡಿಕೊಡಿ ಅಂದೆ. ಕಣ್ಣು ನೋಡುವ ಕೊಟ್ಟೂರೇಶ್ ತಲೆ ಎತ್ತಲಿಲ್ಲ. "ಗೋಡೆ ಚಾರ್ಟಿನಾಗ ಕೊನೇ ಸಾಲಿನವರೆಗೂ ಓದಿದಿ, ನಂಬರ್ ಸರಿ ಐತೆ. ರೂಢಿ ಆಗತ್ತೆ, ಹೋಗಮ್ಮ." ಬಂದುಬಿಟ್ಟೆ. ದಾರಿಯುದ್ದಕ್ಕೂ ಅಳು.

ಮೊನ್ನೆ ಪಕ್ಕದ ಮನೆಯ ರಂಗವ್ವ ಕೈಹಿಡಿದು ಮತ್ತೆ ಕರೆದುಕೊಂಡು ಹೋದಳು. ಅವನದು ಅದೇ ಹಾಡು. ರಂಗವ್ವ ಬಿಡುತ್ತಾಳಾ? "ಚಪ್ಪಲಿ ಕಚ್ಚಿದ್ರೆ ಕಾಲು ಕೊಯ್ಕೊಳ್ಳಾಕಾಗತ್ತೇನಪ್ಪಾ?" ಅಂದಳು. ಕಾಯುತ್ತಿದ್ದವರು ನಕ್ಕರು. ಅವನಿಗೆ ಸಿಟ್ಟು ಬಂತು. "ಕಮ್ಮಿ ಕೊಟ್ರೆ ಕೊನೇ ಸಾಲು ಕಾಣಲ್ಲ. ಆಮೇಲೆ ನೀವೇ ಬಂದು ಜಗಳಾಡ್ತೀರಿ."

ಅಕ್ಕಾ, ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಹೋಗಿ ಕೂತೆ. ಚೀಲದಿಂದ ಸೀರೆ ತೆಗೆದು, ಅದರ ಸೆರಗನ್ನು ಮೊಣಕಾಲ ಮೇಲಿನ ಬಟ್ಟೆಗೆ ಪಿನ್ನು ಹಾಕಿಕೊಂಡು, ಅಲ್ಲೇ ಕುಚ್ಚು ಕಟ್ಟಲು ಶುರುಮಾಡಿದೆ.

"ಏಳಮ್ಮ, ಬೇರೆಯವರು ಕಾಯ್ತಾ ಇದ್ದಾರೆ!"

"ಕೊನೇ ಸಾಲು ನನಗ್ಯಾಕ್ರಿ? ನನ್ನ ಕೆಲಸ ಮಡಿಲಾಗ ಐತೆ. ಇಲ್ಲಿ ಕಾಣಂಗೆ ಕೊಡ್ರಿ, ಏಳ್ತೀನಿ."

ನಾನು ಏಳಲಿಲ್ಲ. ಕಾಯುತ್ತಿದ್ದ ಬಡೇಸಾಬ್ ಎಂಬ ಹಿರಿಯರು, "ಕೊಡಪ್ಪಾ, ಅವಳ ಕಣ್ಣು ಅವಳಿಗೇ ತಾನೇ ಗೊತ್ತು" ಅಂದರು. ಕೊಟ್ಟೂರೇಶ್ ಗೊಣಗುತ್ತಾ ಪರೀಕ್ಷೆಯ ಫ್ರೇಮನ್ನು ನನ್ನ ಮೂಗಿನ ಮೇಲಿಟ್ಟು ಗಾಜು ಬದಲಿಸುತ್ತಾ ಹೋದ. ನಾನು ಒಂದೊಂದು ಗಾಜಿಗೂ ಒಂದು ಗಂಟು ಹಾಕಿ ನೋಡಿದೆ. ಸೊಟ್ಟ. ಸೊಟ್ಟ. ಆಮೇಲೆ ಒಂದು ಗಂಟು ಅಕ್ಕಿಕಾಳಿನ ಹಾಗೆ ನೆಟ್ಟಗೆ ಕೂತಿತು. "ಇದೇ ರೀ!" ಎಂದು ಕೂಗಿಬಿಟ್ಟೆ! ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅವನೂ ಬಗ್ಗಿ ಗಂಟು ನೋಡಿದ. "ಹ್ಞೂಂ, ಬರ್ಕೋತೀನಿ" ಅಂದ, ಅಷ್ಟೇ.

ನಿನ್ನೆ ಕನ್ನಡಕ ಬಂತು. ದೂರದ್ದು ಮಸುಕು, ಇರಲಿ ಬಿಡು. ಸಂಜೆ ಅಂಜುಮ್ ಅಕ್ಕ ನಾನು ಮುಗಿಸಿದ ಸೀರೆ ತಿರುಗಿಸಿ ತಿರುಗಿಸಿ ನೋಡಿ, ಇನ್ನೊಂದು ಮದುವೆ ಸೀರೆ ಕೈಗಿಟ್ಟಳು!

ಮಕ್ಕಳಿಗೆ ನನ್ನ ಮುತ್ತು, ಅವ್ವನ ಕಾಲಿಗೆ ನಮಸ್ಕಾರ. ನೀವೆಲ್ಲ ತಣ್ಣಗಿರಿ.

ನಿನ್ನ ತಂಗಿ,
ಪದ್ಮಶ್ರೀ

ಇನ್ನೊಂದು ಮಾತು: ಶಾಲೆಯಲ್ಲಿ ನನ್ನನ್ನು ಹಿಂದೆ ಕೂರಿಸುತ್ತಿದ್ದರಲ್ಲ, ಅಲ್ಲಿಂದ ನನಗೆ ಕರಿಹಲಗೆಯೇ ಕಾಣುತ್ತಿರಲಿಲ್ಲ. ಮೇಷ್ಟ್ರು "ಇವಳ ತಲೆಗೆ ಹತ್ತಲ್ಲ" ಅಂದರು. ಅವ್ವ ನಂಬಿ ಬಿಡಿಸಿದಳು. ನೀನೂ ನಂಬಿದೆ. ತಲೆಯಲ್ಲ ಅಕ್ಕಾ, ಕಣ್ಣು. ಇಷ್ಟನ್ನು ಅವ್ವನಿಗೆ ಓದಿ ಹೇಳು. ದಿನಾ ರಂಗವ್ವನೇ ನನಗೆ ದಾರ ಪೋಣಿಸಿಕೊಡುತ್ತಿದ್ದಳು. ಇವತ್ತು ಬೆಳಿಗ್ಗೆ ನನ್ನ ಸೂಜಿಗೆ ನಾನೇ ಪೋಣಿಸಿದೆ. ಅವಳ ಸೂಜಿಗೂ.