ತೋಮಿಯ ನಡಿಗೆ

ಟೋಕಿಯೊ, ೧೯೨೦ ಮಾರ್ಚ್ ೯, ರಾತ್ರಿ

ನನ್ನ ನಿರ್ದೇಶನದ ಮೂಕಿ ಚಿತ್ರದಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬೇಕು ಅಂತ ಹಟ ಹಿಡಿದವನು ನಾನೇ. ಇಪ್ಪತ್ತು ವರ್ಷ ರಂಗದ ಮೇಲೆ ಹೆಣ್ಣಾಗಿ ಮೆರೆದವನೂ ನಾನೇ. ಇವತ್ತು ಹೊಸ ನಟಿ ತೋಮಿ ಕ್ಯಾಮೆರಾ ಮುಂದೆ ನಡೆದಳು. ಅದೇ ಓರೆ ಕತ್ತು, ಅದೇ ಪುಟ್ಟ ಹೆಜ್ಜೆ. ಥೇಟ್ ನಾನು!

"ನನ್ನ ಹಾಗೆ ನಡೀಬೇಡ ಮಾರಾಯ್ತಿ, ನಿಮ್ಮಮ್ಮನ ಹಾಗೆ ನಡಿ" ಅಂದೆ.

"ಅಮ್ಮನೂ ನಿಮ್ಮ ನಾಟಕ ನೋಡೇ ನಡೆಯೋದು ಕಲಿತಿದ್ದು, ಗುರುಗಳೇ."

ನಾಟಕದ ಹಳೇ ಜೊತೆಗಾರ ಗೆಂಜಿರೊ ಬಿದ್ದು ಬಿದ್ದು ನಕ್ಕ. "ನಕಲು ಯಾಕಪ್ಪಾ? ಅಸಲು ನೀನೇ ಇದೀಯಲ್ಲ, ಕಿಮೋನೊ ಉಟ್ಕೊಂಡು ಬಾ!"

ನಗಲಿ. ನಾನು ಬಿಡುವವನಲ್ಲ. ನಾಳೆ ತೋಮಿಯ ಎರಡೂ ಕೈಗೆ ಬಾವಿ ನೀರು ತುಂಬಿದ ಒಂದೊಂದು ಬಕೆಟ್ ಕೊಡುತ್ತೇನೆ. ಆ ಭಾರ ಹೊತ್ತು ಯಾರೂ ನನ್ನ ಹಾಗೆ ನಡೆಯಲಾರರು. ಹೆಣ್ಣಾಗಿದ್ದ ಅಷ್ಟೂ ವರ್ಷ ನಾನು ಹೊತ್ತದ್ದು ಬರೀ ಬೀಸಣಿಗೆ.