ತಲೆಕೆಳಗಿನ ಮಿಂಚುಳ್ಳಿ

ಮೇಲಿನ ಗದಗ
ಕ್ರಿ.ಶ. ೨೩೧೪, ಫೆಬ್ರವರಿ ೩೦

ಹಿಂದಿನವರಿಗೆ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ನಾವು ಸಮ ಮಾಡಿಕೊಂಡು ನೂರು ವರ್ಷವಾಯಿತು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಹಾಕಿಕೊಳ್ಳದಿದ್ದರೂ ನನಗೇನೂ ಆಗಬೇಕಾಗಿಲ್ಲ. ಇದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಜನ ಸತ್ತ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನು ನನ್ನದನ್ನು ಒಂದು ಹಕ್ಕಿಗಾಗಿ ಕಳೆಯುತ್ತಿದ್ದೇನೆ.

ನೀವು ಕೈಯಲ್ಲಿ ಹಿಡಿದು ತಿರುಗುವ ಫೋನುಗಳೆಲ್ಲ ನಮ್ಮ ಕಾಲಕ್ಕೆ ಮೂಕವಾಗಿವೆ. ಮತ್ತೆ ಕಾಗದ, ಮತ್ತೆ ಸ್ಟಾಂಪು. ನಲವತ್ತೊಂದು ವರ್ಷ ನಾನು ಸ್ಟಾಂಪು ಅಚ್ಚು ಹಾಕಿದೆ. ಮೊದಲು ಹಸಿರು ಚೌಕಟ್ಟು ಮತ್ತು ಅಕ್ಷರ. ಹಾಳೆ ಹಗ್ಗದ ಮೇಲೆ ಒಣಗಿದ ನಂತರ ನಡುವಿನ ಚಿತ್ರ. ಆಮೇಲೆ ಬೆನ್ನಿಗೆ ಜಾಲಿಯ ಅಂಟು, ಕೊನೆಗೆ ಹರಿಯುವುದಕ್ಕೆ ಸಾಲು ತೂತು. ನಮ್ಮ ಅಚ್ಚಿನಮನೆಗೆ ಚಿತ್ರ ಕೊರೆಯುತ್ತಿದ್ದವಳು ಫಕೀರಕ್ಕ. ಒಂದು ವರ್ಷ ಅವಳು ಮಿಂಚುಳ್ಳಿ ಕೊರೆದಳು. ಅವಳೂ ಅದನ್ನು ಕಂಡವಳಲ್ಲ. ಅವಳ ಮನೆಯ ಹೆಂಗಸರು ಆರು ತಲೆಮಾರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದನ್ನು ತಾಮ್ರಕ್ಕೆ ಇಳಿಸಿದ್ದಳು. ಕೊಕ್ಕು ಕೆಳಗೆ, ಬಾಲ ಮೇಲೆ.

ಬೆಳಗಿನ ಪಾಳಿಯವರು ಹಾಗೆಯೇ ಅಚ್ಚು ಹಾಕಿದ್ದರು. ಮಧ್ಯಾಹ್ನ ನಾನು ಬಂದು ನೋಡಿದೆ. ಹಕ್ಕಿ ತಲೆಕೆಳಗಾಗಿತ್ತು. ಬೆಳಗಿನವರನ್ನು ಬೈದುಕೊಂಡು, ಚಿತ್ರದ ಫಲಕ ಬಿಚ್ಚಿ, ತಿರುಗಿಸಿ ಬಿಗಿದೆ. ನನ್ನ ಕಾಲದವರಿಗೆ ಹಕ್ಕಿಯೆಂದರೆ ಗೋಡೆಯ ಮೇಲಿನ ಚಿತ್ರ, ಆ ಚಿತ್ರಗಳಲ್ಲಿ ಅವು ಮೇಲಕ್ಕೇ ಹಾರುತ್ತವೆ. ಸಂಜೆಗೆ ಫಕೀರಕ್ಕ ಹಾಳೆ ಹಿಡಿದು ನನ್ನ ಮುಂದೆ ನಿಂತಳು. ಕೂಗಲಿಲ್ಲ.

“ಕಲ್ಲವ್ವಾ, ಅದು ಬೀಳಾಕತ್ತಿಲ್ಲ. ಮೀನ ಹಿಡಿಯಾಕ ನೀರಿಗೆ ಹೊಂಟೈತಿ,” ಎಂದಳು.

ಒಂದೇ ಸ್ಟಾಂಪು ಎರಡು ಬಗೆಯಾಗಿ ಬಂದದ್ದಕ್ಕೆ ಅಂಚೆ ಇಲಾಖೆಯ ಏಳು ಜನ ವಿಚಾರಣೆಗೆ ಕೂತರು. ಸ್ಟಾಂಪನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಏಳು ದೊಡ್ಡ ತಲೆಗಳಲ್ಲಿ ಆ ಹಕ್ಕಿಯನ್ನು ಕಂಡ ಕಣ್ಣು ಒಂದೂ ಇರಲಿಲ್ಲ. ಫಲಕ ತಿರುಗಿಸಿದ್ದು ಯಾರೆಂದು ಕೇಳಿದರು. ಅಷ್ಟೊತ್ತಿಗೆ ನನಗೆ ನಿಜ ಗೊತ್ತಿತ್ತು. ಕೆಲಸ ಹೋದೀತೆಂದು ಹೆದರಿ, ತಪ್ಪು ಕಂಡು ತಿದ್ದಿದವಳು ನಾನೇ ಎಂದೆ. ಕೊಕ್ಕು ಮೇಲಿರುವುದೇ ಸರಿಯೆಂದು ಕೈ ಎತ್ತಿಸಿ ತೀರ್ಮಾನ ಮಾಡಿದರು. ನನಗೆ ಶಾಲು ಹೊದಿಸಿದರು. ಫಕೀರಕ್ಕನ ಸರಿಯಾದ ಹಾಳೆಗಳನ್ನು ತೊಟ್ಟಿಗೆ ಹಾಕಿ ಕಲಸಿ ಮುದ್ದೆ ಮಾಡಿದರು. ಆ ದಿನದಿಂದ ಅವಳು ಉಳಿ ಮುಟ್ಟಲಿಲ್ಲ. ಸಾಯುವ ತನಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೆಳಗಿನವರು ಮನೆಯ ಕಾಗದಕ್ಕೆಂದು ಹರಿದುಕೊಂಡು ಹೋದ ಹನ್ನೊಂದು ಸ್ಟಾಂಪು ಉಳಿದವು. ಈಗ ಅವಕ್ಕೆ ‘ಬಿದ್ದ ಹಕ್ಕಿ’ ಎಂದು ಹೆಸರು. ಲೋಕದಲ್ಲೇ ಅಪರೂಪದ ತಪ್ಪಂತೆ. ಸಂಗ್ರಹಕಾರರು ಒಂದಕ್ಕೆ ಮನೆ ಬರೆದುಕೊಡುತ್ತಾರೆ, ಭೂತಗನ್ನಡಿ ಹಿಡಿದು ನಗುತ್ತಾರೆ. ಶಾಲೆಯ ಮಕ್ಕಳು ಮಿಂಚುಳ್ಳಿ ಬರೆಯುವಾಗ ಕೊಕ್ಕು ಆಕಾಶಕ್ಕೆ ಮಾಡುತ್ತಾರೆ. ನಾನು ಸತ್ಯ ಹೇಳಿದರೆ ಮುದುಕಿಗೆ ಅರಳುಮರಳು ಅನ್ನುತ್ತಾರೆ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಹಕ್ಕಿ ನಿಮ್ಮ ಕೆರೆಯಲ್ಲಿತ್ತು. ನೀವು ಅದರ ಸ್ಟಾಂಪು ಕೂಡಿಟ್ಟಿರಿ, ಕೆರೆ ಮುಚ್ಚಿದಿರಿ. ಇರಲಿ. ಒಂದು ಕೆಲಸ ಮಾಡಿ. ಒಂದು ಬೆಳಿಗ್ಗೆ, ಇನ್ನೂ ಉಳಿದಿರುವ ಕೆರೆಯ ಏರಿಯ ಮೇಲೆ ಕುಳಿತು ಆ ಹಕ್ಕಿ ನೀರಿಗೆ ಹೇಗೆ ಹೋಗುತ್ತದೆಂದು ನೋಡಿ. ಕಂಡಷ್ಟೇ ಬರೆಯಿರಿ, ಕೆಳಗೆ ಹೆಸರು, ಊರು, ರುಜು ಹಾಕಿ. ಗಾಜಿನ ಬಾಟಲಿಯೊಳಗಿಟ್ಟು ಆ ಏರಿಯಲ್ಲೇ ಹುಗಿಯಿರಿ. ನಮ್ಮಲ್ಲಿ ಕೆರೆಗಳಿಲ್ಲ, ಏರಿಗಳಿವೆ. ಅಗೆಯುತ್ತೇನೆ.

ಈ ಲಕೋಟೆಗೆ ಹಚ್ಚಿರುವುದು ಆ ಹನ್ನೊಂದರಲ್ಲಿ ಒಂದು, ಬೆಳಗಿನ ಪಾಳಿಯವರೊಬ್ಬರಿಂದ ಆಗಲೇ ಇಸಿದುಕೊಂಡದ್ದು. ನೆಟ್ಟಗೇ ಹಚ್ಚಿದ್ದೇನೆ. ತಿರುಗಿಸಬೇಡಿ.

ಕಲ್ಲವ್ವ ಬಣಗಾರ
ಅಚ್ಚಿನಮನೆ ಓಣಿ